ಪಿಎಚ್‌ಡಿಗೆ ಯಾವ ಅಸಂಗತಿಯನ್ನು ಆರಿಸಿಕೊಳ್ಳಲಿ?

ಹಿಗ್ಸ್ ಕಣ ಸಿಕ್ಕ ನಂತರ ಕಣಭೌತಶಾಸ್ತ್ರ ನಿಂತ ನೀರಾಗಿದೆ, ಹಾಗಾಗಿ ಮೂಲಕಣಗಳ ಒಪ್ಪಿತ ಸಿದ್ಧಾಂತವಾದ ಸ್ಟ್ಯಾಂಡರ್ಡ್ ಮಾಡೆಲ್‌ಗೆ ಹೊಂದದ ಡಬ್ಲ್ಯು ಬೋಸಾನ್ ದ್ರವ್ಯರಾಶಿಯಂತಹ ಫಲಿತಾಂಶವೊಂದನ್ನು ಹಿಡಿದು ಪಿಎಚ್‌ಡಿ ಮಾಡಬೇಕೆಂದಿದ್ದೇನೆ, ಯಾವುದನ್ನು ಆರಿಸಿಕೊಳ್ಳಲಿ ಎಂದು ಕೇಳಿದ್ದೀರಿ. 2021ರಲ್ಲಿ ನಾನು ಇದೇ ಪ್ರಶ್ನೆಯೊಂದಿಗೆ ಸಂಶೋಧನೆಗೆ ಸೇರಿದವನು.

ಆ ವರ್ಷದ ಮಾರ್ಚ್‌ನಲ್ಲಿ ಯುರೋಪಿನ ಕಣಭೌತಶಾಸ್ತ್ರ ಪ್ರಯೋಗಾಲಯವಾದ ಸರ್ನ್‌ನ ಎಲ್‌ಎಚ್‌ಸಿಬಿ ತಂಡವು ಬಿ ಮೆಸಾನ್ ಎಂಬ ಅಲ್ಪಾಯುಷಿ ಕಣದ ಒಂದು ಅಪರೂಪದ ಕ್ಷಯದ, ಅಂದರೆ ಅದು ಒಡೆದು ಬೇರೆ ಕಣಗಳಾಗುವ ಬಗೆಯ, ಅಳತೆಯನ್ನು ಪ್ರಕಟಿಸಿತು. ಈ ಕ್ಷಯದಲ್ಲಿ ಕೇಯಾನ್ ಎಂಬ ಹಗುರ ಮೆಸಾನ್ ಜೊತೆಗೆ ಮ್ಯುವಾನ್ (ಎಲೆಕ್ಟ್ರಾನಿನಂತೆಯೇ ಇರುವ, ಆದರೆ ಹೆಚ್ಚು ಭಾರವಾದ ಕಣ) ಜೋಡಿಯೋ ಎಲೆಕ್ಟ್ರಾನ್ ಜೋಡಿಯೋ ಹೊರಬರುತ್ತದೆ. ಸ್ಟ್ಯಾಂಡರ್ಡ್ ಮಾಡೆಲ್ ಪ್ರಕಾರ ಎರಡೂ ಬಗೆಯ ಕ್ಷಯಗಳ ದರ ಹೆಚ್ಚುಕಡಿಮೆ ಸಮನಾಗಿರಬೇಕು, ಅಂದರೆ ಮ್ಯುವಾನ್ ದರವನ್ನು ಎಲೆಕ್ಟ್ರಾನ್ ದರದಿಂದ ಭಾಗಿಸಿದರೆ 1 ಬರಬೇಕು. ಬಂದದ್ದು 0.846; ಅಂತರ 3.1 ಸಿಗ್ಮಾ (ಸಿಗ್ಮಾ ಹೆಚ್ಚಿದಷ್ಟೂ ಅಂತರ ಬರೀ ಆಕಸ್ಮಿಕವಾಗಿರುವ ಸಾಧ್ಯತೆ ಕಡಿಮೆ). ಮರುತಿಂಗಳೇ ಅಮೆರಿಕದ ಫರ್ಮಿಲ್ಯಾಬ್ ಪ್ರಯೋಗಾಲಯ ಮ್ಯುವಾನ್‌ನ ಕಾಂತೀಯ ಗುಣದ ಅಳತೆಯನ್ನು ಹೊರತಂದಿತು. ಅಲ್ಲಿನದೇ ಇನ್ನೊಂದು ಪ್ರಯೋಗಾಲಯವಾದ ಬ್ರೂಕ್‌ಹೇವನ್‌ನ ಹಳೆಯ ಅಳತೆಯೊಂದಿಗೆ ಸೇರಿಸಿದಾಗ ಅದು ಅಂದು ಒಪ್ಪಿತವಾಗಿದ್ದ ಸೈದ್ಧಾಂತಿಕ ಲೆಕ್ಕದಿಂದ 4.2 ಸಿಗ್ಮಾ ದೂರವಿತ್ತು. ಎರಡರಲ್ಲೂ ಮ್ಯುವಾನ್ ಇರುವುದನ್ನು ಕಂಡು, ಎರಡನ್ನೂ ಲೆಪ್ಟೋಕ್ವಾರ್ಕ್ ಎಂಬ ಒಂದೇ ಊಹಾತ್ಮಕ ಕಣದಿಂದ ವಿವರಿಸುವ ಮಾದರಿಯನ್ನು ಕಟ್ಟುವುದೇ ನನ್ನ ವಿಷಯವೆಂದು ನಿರ್ಧರಿಸಿದೆ.

ನನಗೆ ದುಬಾರಿಯಾದ ತಪ್ಪನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯೂ ಅದೇ ದಾರಿಯಲ್ಲಿದೆ. ಎಲ್‌ಎಚ್‌ಸಿಬಿ ಪ್ರಬಂಧದಲ್ಲಿ 0.846ರ ಪಕ್ಕ ಎರಡು ದೋಷಮಿತಿಗಳಿದ್ದವು: ದತ್ತಾಂಶ ಸೀಮಿತವಾಗಿರುವುದರಿಂದ ಬರುವ ಸಾಂಖ್ಯಿಕ ದೋಷ ಸುಮಾರು 0.04, ಅಳೆಯುವ ವಿಧಾನದಿಂದಲೇ ಬರುವ ವ್ಯವಸ್ಥಿತ ದೋಷ ಸುಮಾರು 0.013. ದೊಡ್ಡದಾದ ಮೊದಲನೆಯದು ದತ್ತಾಂಶ ಹೆಚ್ಚಿದಂತೆ ತಾನಾಗಿ ಕುಗ್ಗುತ್ತದೆ, ಚಿಕ್ಕದಾದ ಎರಡನೆಯದರ ಗೊಡವೆಗೆ ಹೋಗಬೇಕಿಲ್ಲ ಎಂದು ಭಾವಿಸಿ, ಎಲೆಕ್ಟ್ರಾನನ್ನು ಗುರುತಿಸುವ ವಿಧಾನವನ್ನು ವಿವರಿಸಿದ ಪುಟಗಳನ್ನು ಓದದೆ ಮುಂದೆ ಹೋದೆ. ಇಡೀ ವಿಷಯ ನಿಂತಿದ್ದದ್ದು ಆ ಪುಟಗಳ ಮೇಲೆಯೇ. ಮ್ಯುವಾನ್ ಶೋಧಕದ ಕಬ್ಬಿಣದ ಪದರಗಳನ್ನೂ ಹಾದು ಕೊನೆಯವರೆಗೆ ತಲುಪುವುದರಿಂದ ಅದರ ಗುರುತು ಸ್ಪಷ್ಟವಾಗಿರುತ್ತದೆ. ಎಲೆಕ್ಟ್ರಾನ್ ಬಹಳ ಹಗುರವಾದ ಕಣ. ದ್ರವ್ಯದೊಳಗೆ ಸಾಗುವಾಗ ಫೋಟಾನ್‌ಗಳನ್ನು ಚೆಲ್ಲುತ್ತಾ ಶಕ್ತಿ ಕಳೆದುಕೊಳ್ಳುತ್ತದೆ, ಆ ಫೋಟಾನ್‌ಗಳನ್ನು ಶಕ್ತಿಯನ್ನು ಅಳೆಯುವ ಭಾಗವಾದ ಕ್ಯಾಲೊರಿಮೀಟರ್‌ನಲ್ಲಿ ಹುಡುಕಿ ಲೆಕ್ಕಕ್ಕೆ ಸೇರಿಸಬೇಕು, ಸೇರಿಸಿದ ಮೇಲೂ ಬಿ ಮೆಸಾನ್‌ನ ದ್ರವ್ಯರಾಶಿಯ ಶೃಂಗ ಹರಡಿಕೊಂಡೇ ಉಳಿಯುತ್ತದೆ. ಆ ಹರವಿನೊಳಗೆ ಪಯಾನ್, ಕೇಯಾನ್‌ನಂತಹ ಬೇರೆ ಕಣಗಳು ಎಲೆಕ್ಟ್ರಾನ್ ಎಂದೇ ಎಣಿಕೆಯಾದರೆ ಛೇದ ಹಿಗ್ಗುತ್ತದೆ, ಅನುಪಾತ 1ಕ್ಕಿಂತ ಕೆಳಗಿಳಿಯುತ್ತದೆ.

2022ರ ಡಿಸೆಂಬರ್‌ನಲ್ಲಿ ಎಲ್‌ಎಚ್‌ಸಿಬಿ ತಂಡವೇ ಇದನ್ನು ತೋರಿಸಿಕೊಟ್ಟಿತು. ಎಲೆಕ್ಟ್ರಾನ್ ಗುರುತಿಸುವ ಮಾನದಂಡವನ್ನು ಬಿಗಿಗೊಳಿಸಿ, ಉಳಿದ ಸುಳ್ಳು ಎಲೆಕ್ಟ್ರಾನ್‌ಗಳನ್ನು ದತ್ತಾಂಶದಿಂದಲೇ ಅಂದಾಜಿಸಿದಾಗ ಅನುಪಾತ 0.949ಕ್ಕೆ ಏರಿ ಸ್ಟ್ಯಾಂಡರ್ಡ್ ಮಾಡೆಲ್‌ಗೆ ಹೊಂದಿಕೊಂಡಿತು. ನಾನು ಹೊಸ ದತ್ತಾಂಶಕ್ಕಾಗಿ ಕಾಯುತ್ತಿದ್ದೆ. ಉತ್ತರ ಬಂದದ್ದು ಹಳೆಯ ದತ್ತಾಂಶದ ಮರುವಿಶ್ಲೇಷಣೆಯಿಂದ. ತಾವೇ ಪ್ರಕಟಿಸಿದ ಫಲಿತಾಂಶವನ್ನು ಹೀಗೆ ನಿಷ್ಠುರವಾಗಿ ಪರೀಕ್ಷಿಸಿದ ಆ ಕೆಲಸವನ್ನು ನಾನು ಇತ್ತೀಚಿನ ದೊಡ್ಡ ಮುನ್ನಡೆಗಳಲ್ಲಿ ಒಂದೆಂದೇ ಎಣಿಸುತ್ತೇನೆ.

ಮ್ಯುವಾನ್ ಕಾಂತೀಯತೆಯ ವಿಷಯದಲ್ಲೂ ಆದದ್ದು ಇಷ್ಟೇ. ಫರ್ಮಿಲ್ಯಾಬ್ ಫಲಿತಾಂಶ ಬಂದ ದಿನವೇ ಬಿಎಂಡಬ್ಲ್ಯು ಎಂಬ ಸೈದ್ಧಾಂತಿಕರ ತಂಡ ಲ್ಯಾಟಿಸ್ ವಿಧಾನದಿಂದ (ಸ್ಥಳಕಾಲವನ್ನು ಬಿಂದುಗಳ ಜಾಲರಿಯಾಗಿಸಿ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಕ್ರಮ) ಮಾಡಿದ ಲೆಕ್ಕವನ್ನೂ ಪ್ರಕಟಿಸಿತ್ತು, ಅದು ಪ್ರಯೋಗದ ಅಳತೆಗೆ ಹತ್ತಿರವಿತ್ತು. ನಾನು ಅದನ್ನು ಬದಿಗಿಟ್ಟೆ. 2025ರ ಜೂನ್‌ನಲ್ಲಿ ನೂರು ಕೋಟಿಯಲ್ಲಿ 127 ಭಾಗದಷ್ಟು ನಿಖರವಾದ ಫರ್ಮಿಲ್ಯಾಬ್‌ನ ಅಂತಿಮ ಅಳತೆ ಬರುವ ಹೊತ್ತಿಗೆ ಸೈದ್ಧಾಂತಿಕರ ಒಮ್ಮತದ ಲೆಕ್ಕವೇ ಲ್ಯಾಟಿಸ್ ಕಡೆಗೆ ಸರಿದಿತ್ತು. ಹೇಳಿಕೊಳ್ಳುವಂತಹ ಅಂತರ ಉಳಿದಿರಲಿಲ್ಲ. ಅಷ್ಟರಲ್ಲಿ ನನ್ನ ಪ್ರಬಂಧವನ್ನು ಲೆಪ್ಟೋಕ್ವಾರ್ಕ್‌ಗಳ ಮೇಲಿನ ಮಿತಿಗಳ ಅಧ್ಯಯನವಾಗಿ ತಿದ್ದಿ ಬರೆದು ಮುಗಿಸಿದ್ದೆ. ಈಗ ನಾನು ಎಲೆಕ್ಟ್ರಾನ್ ಗುರುತಿಸುವ ಕ್ರಮವಿಧಿಗಳ ಮೇಲೆಯೇ ಕೆಲಸ ಮಾಡುತ್ತಿದ್ದೇನೆ, ಮನಸ್ಸಿಟ್ಟು ಮಾಡುತ್ತಿದ್ದೇನೆ.

ಕ್ಷೇತ್ರ ನಿಂತ ನೀರಾಗಿದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ದ್ರವ್ಯ ಮತ್ತು ಪ್ರತಿದ್ರವ್ಯದ ವರ್ತನೆಯಲ್ಲಿನ ವ್ಯತ್ಯಾಸ ಮೆಸಾನ್‌ಗಳಲ್ಲಿ 1964ರಿಂದ ಗೊತ್ತಿದ್ದರೂ, ಪ್ರೋಟಾನ್, ನ್ಯೂಟ್ರಾನ್‌ಗಳು ಸೇರಿದ ಬೇರಿಯಾನ್ ಕುಟುಂಬದಲ್ಲಿ ಮೊದಲ ಬಾರಿ ಖಚಿತವಾಗಿ ಕಂಡದ್ದು 2025ರಲ್ಲಿ, ಅದೇ ಎಲ್‌ಎಚ್‌ಸಿಬಿ ಪ್ರಯೋಗದಲ್ಲಿ: ಲ್ಯಾಂಬ್ಡಾ-ಬಿ ಎಂಬ ಬೇರಿಯಾನ್‌ನ ಕ್ಷಯದಲ್ಲಿ ವ್ಯತ್ಯಾಸ ಸುಮಾರು 2.45 ಶೇಕಡ, ಖಚಿತತೆ 5.2 ಸಿಗ್ಮಾ. ನೀವು ಪ್ರಸ್ತಾಪಿಸದೇ ಇರುವ ನ್ಯೂಕ್ಲಿಯರ್ ಭೌತಶಾಸ್ತ್ರವಂತೂ ಈಗ ಅತ್ಯಂತ ಚುರುಕಾಗಿದೆ. 8 ಪ್ರೋಟಾನ್, 20 ನ್ಯೂಟ್ರಾನ್ ಎಂಬ ಎರಡು ಮಾಂತ್ರಿಕ ಸಂಖ್ಯೆಗಳಿರುವ (ನ್ಯೂಕ್ಲಿಯಸ್ಸಿಗೆ ವಿಶೇಷ ಸ್ಥಿರತೆ ಕೊಡುವ ಸಂಖ್ಯೆಗಳು) ಆಮ್ಲಜನಕ-28 ಗಟ್ಟಿಯಾಗಿರಬೇಕೆಂದು ಸಿದ್ಧಾಂತ ನಿರೀಕ್ಷಿಸಿತ್ತು. ಜಪಾನಿನ ರಿಕೆನ್ ಸಂಶೋಧನಾ ಸಂಸ್ಥೆಯಲ್ಲಿ ಅದನ್ನು ಸೃಷ್ಟಿಸಿ 2023ರಲ್ಲಿ ಪ್ರಕಟಿಸಿದಾಗ, ಅದು ಕ್ಷಣಾರ್ಧವೂ ನಿಲ್ಲದೆ ನಾಲ್ಕು ನ್ಯೂಟ್ರಾನ್‌ಗಳನ್ನು ಬಿಟ್ಟು ಆಮ್ಲಜನಕ-24 ಆಗುತ್ತದೆಂದು ತಿಳಿಯಿತು. ಥೋರಿಯಂ-229ರ ನ್ಯೂಕ್ಲಿಯಸ್ಸನ್ನು ಬರೀ 8.4 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಲೇಸರ್ ಬೆಳಕಿನಿಂದ ಪ್ರಚೋದಿಸಿದ್ದು 2024ರಲ್ಲಿ. ಅದೇ ವರ್ಷ ಅಮೆರಿಕದ ಜಿಲಾ ಸಂಶೋಧನಾ ಸಂಸ್ಥೆಯಲ್ಲಿ ಅದರ ಆವರ್ತನವನ್ನು ಸ್ಟ್ರಾಂಷಿಯಂ ಪರಮಾಣು ಗಡಿಯಾರದೊಂದಿಗೆ ಹೋಲಿಸಿ ಅಳೆದರು. ಇಂದು ಹೊಸದಾಗಿ ಸೇರುವುದಾದರೆ ನಾನು ಹೋಗುವುದು ಥೋರಿಯಂ ಕೆಲಸಕ್ಕೆ.

ಆದ್ದರಿಂದ ಅಸಂಗತಿಯೊಂದನ್ನು ಆರಿಸಬೇಡಿ, ಅಳತೆಯೊಂದನ್ನು ಆರಿಸಿ. ಈ ಸಂಖ್ಯೆ ನಾಳೆ ಸ್ಟ್ಯಾಂಡರ್ಡ್ ಮಾಡೆಲ್‌ಗೆ ಹೊಂದಿಕೊಂಡರೆ ನನ್ನ ಪ್ರಬಂಧದಲ್ಲಿ ಏನು ಉಳಿಯುತ್ತದೆ ಎಂದು ಮಾರ್ಗದರ್ಶಕರನ್ನು, ಅವರ ಬಳಿ ಸೇರುವ ಮೊದಲೇ, ಕೇಳಿ; ಸ್ಪಷ್ಟ ಉತ್ತರ ಸಿಗದಿದ್ದರೆ ಬೇರೆಯವರನ್ನು ನೋಡಿ.

ಇನ್ನು ಡಬ್ಲ್ಯು ಬೋಸಾನ್. 2022ರಲ್ಲಿ ಫರ್ಮಿಲ್ಯಾಬ್‌ನ ಸಿಡಿಎಫ್ ತಂಡ ಅದರ ದ್ರವ್ಯರಾಶಿಯೆಂದು ಹೇಳಿದ್ದು 80,433.5 ಮೆಗಾ ಎಲೆಕ್ಟ್ರಾನ್ ವೋಲ್ಟ್, ದೋಷಮಿತಿ 9.4. ಸರ್ನ್‌ನ ಸಿಎಂಎಸ್ ತಂಡ 2024ರಲ್ಲಿ ಅಷ್ಟೇ ನಿಖರವಾಗಿ ಅಳೆದಾಗ ಬಂದದ್ದು 80,360.2, ದೋಷಮಿತಿ 9.9, ಇದು ಸ್ಟ್ಯಾಂಡರ್ಡ್ ಮಾಡೆಲ್‌ನೊಂದಿಗೆ ಹೊಂದುತ್ತದೆ. ಎರಡು ಪ್ರಯೋಗಗಳ ನಡುವೆ ಈ ಅಂತರ ಏಕೆ ಎಂಬುದು ಒಳ್ಳೆಯ ಪ್ರಶ್ನೆ. ಆದರೆ ಅದಕ್ಕೆ ಹೊಸ ಕಣದ ಮಾದರಿಯಿಂದ ಉತ್ತರ ಸಿಗುವುದಿಲ್ಲ, ಏಕೆಂದರೆ ಪ್ರಕೃತಿಯಲ್ಲಿ ಹೊಸ ಕಣವಿದ್ದರೆ ಅದು ಎರಡೂ ಪ್ರಯೋಗಗಳಿಗೆ ಒಂದೇ ದ್ರವ್ಯರಾಶಿಯನ್ನು ಕೊಡಬೇಕಿತ್ತು. ಇದರಲ್ಲೇ ಆಸಕ್ತಿಯಿದ್ದರೆ ಮ್ಯುವಾನ್‌ನ ಸಂವೇಗವನ್ನು ಜೆ-ಸೈ ಎಂಬ ಕಣದ ಈಗಾಗಲೇ ನಿಖರವಾಗಿ ಗೊತ್ತಿರುವ ದ್ರವ್ಯರಾಶಿಗೆ ಹೋಲಿಸಿ ಸರಿಪಡಿಸುವ ಕೆಲಸ ನಡೆಯುತ್ತಿರುವ ಗುಂಪೊಂದನ್ನು ಹುಡುಕಿ ಸೇರಿಕೊಳ್ಳಿ.