ಡಿಪ್ಲೊಮಾ ಆಯ್ತು, ಈಗ ಕಾಲೇಜೋ ಕಾರ್ಖಾನೆಯೋ?

ಪ್ರಶ್ನೆ: ನಾವು ಇಂಡಿ ಕಡೆಯವರು, ಪುಣೆಯ ನಿಗಡಿಯಲ್ಲಿದ್ದೇವೆ. ಮಗ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ್ದಾನೆ. ಚಾಕಣದ ಒಂದು ದೊಡ್ಡ ಕಾರ್ಖಾನೆಯಲ್ಲಿ ಒಂದು ವರ್ಷದ ಅಪ್ರೆಂಟಿಸ್‌ಶಿಪ್ ಸಿಕ್ಕಿದೆ, ಅಲ್ಲಿಗೇ ಹೋಗ್ತೀನಿ ಅಂತ ಹಟ ಹಿಡಿದಿದ್ದಾನೆ. ಯಜಮಾನರು, ನಮ್ಮ ಅಣ್ಣ ಇಬ್ಬರೂ ಡೈರೆಕ್ಟ್ ಸೆಕೆಂಡ್ ಇಯರ್‌ಗೆ ಸೇರಿ ಬಿಇ ಮಾಡಲಿ ಅಂತಾರೆ. "ವಿಶ್ವೇಶ್ವರಯ್ಯ ಓದಿದ ಊರಲ್ಲಿದ್ದು ಮಗನನ್ನ ಮೆಷಿನ್ ಮುಂದೆ ನಿಲ್ಲಿಸ್ತೀಯಾ?" ಅಂತ ಅಣ್ಣ ಬೈದ. ಕಾಲೇಜಿಗಾದರೆ ಸಾಲ ಮಾಡಬೇಕು. ಬೇಕಾದರೆ ಆಮೇಲೆ ಕೆಲಸದಲ್ಲಿದ್ದುಕೊಂಡೇ ಪರೀಕ್ಷೆ ಕಟ್ಟಿ ಪಾಸಾಗೋ ಎಎಂಐಇ ಮಾಡ್ತೀನಿ ಅಂತಾನೆ ಮಗ. ಏನು ಮಾಡೋಣ?
– ಒಬ್ಬ ತಾಯಿ, ನಿಗಡಿ

ಉತ್ತರ: ಕಳಿಸಿ ಅಮ್ಮಾ. ಒಂದು ವರ್ಷ ಕಾರ್ಖಾನೆಗೇ ಹೋಗಲಿ.

ಮೊದಲು ನಿಮ್ಮ ಅಣ್ಣನವರ ಮಾತು. ವಿಶ್ವೇಶ್ವರಯ್ಯನವರು ಪುಣೆಯಲ್ಲಿ ಎಂಜಿನಿಯರಿಂಗ್ ಓದಿದ್ದು ನಿಜ. ಆದರೆ ಕೈಕೆಲಸ ಕೀಳು ಅಂತ ಅವರು ತಿಳಿದಿರಲಿಲ್ಲ. ಹುಡುಗರು ಕಸುಬು ಕಲಿಯಲಿ ಅಂತ ಬೆಂಗಳೂರಿನಲ್ಲಿ 1943ರಲ್ಲಿ ಶುರುವಾದ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್‌ನ ಹಿಂದೆ ಇದ್ದವರು ಅವರೇ. ಈಗಿನ ಎಸ್.ಜೆ. ಪಾಲಿಟೆಕ್ನಿಕ್ ಅದು. ಅಣ್ಣನವರಿಗೆ ಇದನ್ನು ಧಾರಾಳವಾಗಿ ಹೇಳಿ.

ಮೆಷಿನ್ ಮುಂದೆ ನಿಂತು ಕಲಿಯುವುದು ಅಂದರೆ ಏನು ಅಂತ ಒಂದು ಉದಾಹರಣೆ ಕೊಡುತ್ತೇನೆ. ಉಕ್ಕು ಬಿಸಿಯಾದರೆ ಹಿಗ್ಗುತ್ತದೆ ಅಂತ ನಿಮ್ಮ ಮಗ ಪುಸ್ತಕದಲ್ಲಿ ಓದಿದ್ದಾನೆ, ಸೂತ್ರವೂ ಬಾಯಿಪಾಠ ಇರುತ್ತದೆ. 100 ಮಿ.ಮೀ. ವ್ಯಾಸದ ಉಕ್ಕಿನ ಶಾಫ್ಟ್ 30 ಡಿಗ್ರಿ ಜಾಸ್ತಿ ಬಿಸಿಯಾದರೆ ಸುಮಾರು 0.035 ಮಿ.ಮೀ. ಉಬ್ಬುತ್ತದೆ. ಲೋಹ ಕಡೆಯುವ ಯಂತ್ರವಾದ ಲೇತ್‌ನಿಂದ ಆಗಷ್ಟೇ ಇಳಿಸಿದ ಬಿಸಿ ತುಂಡಿಗೆ ಮೈಕ್ರೋಮೀಟರ್ ಹಿಡಿದು, ಅಳತೆ ಸರಿ ಇದೆ ಅಂತ ಟ್ರೇಗೆ ಹಾಕಿದರೆ, ಅದು ತಣ್ಣಗಾದ ಮೇಲೆ ಅಳತೆ ಕಡಿಮೆ ಬಂದು ರಿಜೆಕ್ಟ್ ಆಗುತ್ತದೆ. ಪರೀಕ್ಷೆಯಲ್ಲಿ ಇದೇ ಲೆಕ್ಕ ಸರಿ ಬರೆದ ಹುಡುಗನೂ ವರ್ಕ್‌ಶಾಪ್‌ನಲ್ಲಿ ಹೀಗೆ ಮಾಡುತ್ತಾನೆ, ಯಾಕೆಂದರೆ ಆ ಸೂತ್ರಕ್ಕೂ ತನ್ನ ಕೈಲಿರುವ ತುಂಡಿಗೂ ಸಂಬಂಧ ಇದೆ ಅಂತ ಅವನಿಗೆ ಯಾರೂ ತೋರಿಸಿರುವುದಿಲ್ಲ. ಇದು ಗೊತ್ತಾದ ಮೇಲೆ ಬಿಇಗೆ ಹೋದರೆ ಅಲ್ಲಿನ ಪಾಠ ಅವನಿಗೆ ಬೇರೆಯೇ ಥರ ಹಿಡಿಸುತ್ತದೆ.

ಆದರೆ ಸುಮ್ನೆ ಅಪ್ರೆಂಟಿಸ್ ಅಂತ ಹೆಸರಿದ್ದರೆ ಸಾಲದು. ಭೋಸರಿ, ಚಾಕಣ ಕಡೆ "ಟ್ರೈನಿ" ಅಂತ ಕಾಂಟ್ರಾಕ್ಟರ್ ಮೂಲಕ ತೆಗೆದುಕೊಂಡು, ಇಡೀ ವರ್ಷ ಪ್ರೆಸ್‌ಗೆ ಶೀಟ್ ಇಡುವ ಕೆಲಸ ಒಂದನ್ನೇ ಮಾಡಿಸುವವರೂ ಇದ್ದಾರೆ. ಅಂಥ ಕಡೆ ಹುಡುಗನ ವರ್ಷ ಹಾಳು. ಸಹಿ ಹಾಕುವ ಮುಂಚೆ ಕರಾರು 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ ನೋಂದಣಿ ಆಗುತ್ತದಾ ಅಂತ ಕೇಳಿ. ಡಿಪ್ಲೊಮಾ ಆದವರಿಗೆ ಅದು ಟೆಕ್ನಿಷಿಯನ್ ಅಪ್ರೆಂಟಿಸ್ ಅಂತ ಇರಬೇಕು. ಯಾವ ವಿಭಾಗದಲ್ಲಿ ಎಷ್ಟು ತಿಂಗಳು ಕಲಿಸುತ್ತಾರೆ ಅಂತಲೂ ಮಗನೇ ಬಾಯಿಬಿಟ್ಟು ಕೇಳಲಿ, ಸಂಕೋಚ ಬೇಡ. ಸರ್ಕಾರದ ಅಧಿಕಾರಿಯಾದ ಅಪ್ರೆಂಟಿಸ್‌ಶಿಪ್ ಅಡ್ವೈಸರ್ ಒಪ್ಪಿಗೆ ಇಲ್ಲದೆ ಓವರ್‌ಟೈಮ್ ಮಾಡಿಸುವ ಹಾಗಿಲ್ಲ ಅನ್ನುವುದು ಅದೇ ಕಾಯ್ದೆಯಲ್ಲಿದೆ. ವರ್ಷ ಮುಗಿದ ಮೇಲೆ ಅಲ್ಲೇ ಪರ್ಮನೆಂಟ್ ಆಗುತ್ತದೆ ಅನ್ನುವ ಆಸೆ ಮಾತ್ರ ಇಟ್ಟುಕೊಳ್ಳಬೇಡಿ. ಸಿಗುವುದು ಸ್ಟೈಪೆಂಡ್, ಸಂಬಳ ಅಲ್ಲ.

ಯಜಮಾನರ ಚಿಂತೆಯಲ್ಲೂ ಅರ್ಥ ಇದೆ. ಡಿಸೈನ್ ಆಫೀಸು, ಸಂಶೋಧನೆ ವಿಭಾಗ, ವಿದೇಶದಲ್ಲಿ ಎಂಎಸ್, ಇವಕ್ಕೆಲ್ಲ ಡಿಗ್ರಿ ಕೇಳುತ್ತಾರೆ. ಡಿಪ್ಲೊಮಾದವರು ಎಷ್ಟೇ ಗಟ್ಟಿಗರಾದರೂ ಕೆಲವು ಕಂಪನಿಗಳಲ್ಲಿ ಬಡ್ತಿ ಒಂದು ಹಂತಕ್ಕೆ ನಿಂತುಬಿಡುತ್ತದೆ, ಇದು ಅನ್ಯಾಯ ಅಂತಲೇ ನನಗನ್ನಿಸುತ್ತದೆ, ಆದರೆ ಇರುವುದು ಹಾಗೆ. ರೈಲ್ವೆ ಜೂನಿಯರ್ ಎಂಜಿನಿಯರ್ ಹುದ್ದೆಗೆ ಡಿಪ್ಲೊಮಾ ಸಾಕು, ಅದನ್ನೂ ನೆನಪಿಡಿ.

ಮಗನ ಎಎಂಐಇ ಲೆಕ್ಕ ಮಾತ್ರ ತಪ್ಪು. 2013ರ ಮೇ 31ರ ನಂತರ ಅದಕ್ಕೆ ಸೇರಿದವರಿಗೆ ಕೇಂದ್ರ ಸರ್ಕಾರ ಬಿಇಗೆ ಸಮ ಅನ್ನುವ ಮಾನ್ಯತೆ ಕೊಡುವುದಿಲ್ಲ. ಹಳಬರು ಹಾಗೆ ಮಾಡಿ ಮೇಲೆ ಬಂದರು, ಆ ಬಾಗಿಲು ಈಗ ಮುಚ್ಚಿದೆ. ಡೈರೆಕ್ಟ್ ಸೆಕೆಂಡ್ ಇಯರ್ ಬಾಗಿಲು ಹಾಗಲ್ಲ, ಮುಂದಿನ ವರ್ಷವೂ ಅರ್ಜಿ ಹಾಕಬಹುದು. ಕೆಲಸದಲ್ಲಿರುವವರಿಗೆ ಅನುಕೂಲ ಆಗುವ ಹೊತ್ತಿನಲ್ಲಿ ಬಿಟೆಕ್ ನಡೆಸಲು ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇ 2023ರಿಂದ ಕಾಲೇಜುಗಳಿಗೆ ಅನುಮತಿ ಕೊಡುತ್ತಿದೆ, ನಿಮ್ಮ ಹತ್ತಿರದಲ್ಲಿ ಯಾವ ಕಾಲೇಜಿಗೆ ಸಿಕ್ಕಿದೆ ಅಂತ ಈಗಲೇ ವಿಚಾರಿಸಿಡಿ.

ಈ ವರ್ಷ ಗಣಿತದ ಪುಸ್ತಕ ಮಾತ್ರ ಅಟ್ಟಕ್ಕೆ ಹಾಕಲು ಬಿಡಬೇಡಿ. ಡಿಪ್ಲೊಮಾದಿಂದ ಬಿಇಗೆ ಹೋದವರು ಜಾಸ್ತಿ ಒದ್ದಾಡುವುದು ಅದರಲ್ಲೇ. ಭಾನುವಾರ ಒಂದೆರಡು ಗಂಟೆ ಕೂತರೂ ಸಾಕು.