ಕಷ್ಟದ ಹಿಂದೆ ದೇವರ ಉದ್ದೇಶ ಇರುತ್ತೆ ಅಂತಾರಲ್ಲ, ನಿಮಗ್ಯಾರಿಗಾದರೂ ಅದು ಕಂಡಿದೆಯಾ?

ತಾಯಿಗೆ ಡಯಾಲಿಸಿಸ್ ಶುರುವಾಗಿದೆ, ಕೆಲಸ ಬಿಟ್ಟು ಊರಿಗೆ ಬಂದಿದ್ದೀನಿ, ಚರ್ಚಿನವರು "ಎಲ್ಲಕ್ಕೂ ಒಂದು ಉದ್ದೇಶ ಇರುತ್ತೆ" ಅಂದರೆ ಮೈ ಉರಿಯುತ್ತೆ ಅಂತ ಬರೆದಿದ್ದೀರಿ. ಉರೀಲಿ ಬಿಡಿ. ನನಗೂ ಉರೀತಿತ್ತು.

ನಾನು ಮಂಡ್ಯದವಳು, ಮನೇಲೇ ಬಟ್ಟೆ ಹೊಲೀತೀನಿ. ನಮ್ಮೆಜಮಾನರ ಎರಡೂ ಕಿಡ್ನಿ ಹೋಗಿ, ಮೂರು ವರ್ಷ ವಾರಕ್ಕೆರಡು ಸಲ ಮೈಸೂರಿಗೆ ಓಡಾಡಿದ್ವಿ. ಬೆಳಗಿನ ರೈಲು, ಮೆಷಿನ್ ಪಕ್ಕ ನಾಲ್ಕು ಗಂಟೆ, ಮತ್ತೆ ರೈಲು. ದಿನಕ್ಕೆ ಮುಕ್ಕಾಲು ಲೀಟರ್ ಮೇಲೆ ಒಂದು ಗುಟುಕೂ ಕುಡಿಯೋ ಹಾಗಿಲ್ಲ. ಪೊಟ್ಯಾಶಿಯಂ ಏರುತ್ತೆ ಅಂತ ಎಳನೀರೂ ಬಂದ್. ಮದ್ದೂರು ಕಡೆ ತೆಂಗಿನ ತೋಟದ ಮನೇಲಿ ಹುಟ್ಟಿದ ಮನುಷ್ಯ ಅವರು. ರಸ್ತೆ ಬದಿ ಎಳನೀರು ರಾಶಿ ಕಂಡರೆ ಮುಖ ಆ ಕಡೆ ತಿರುಗಿಸಿಕೊಳ್ಳೋರು.

ಪಕ್ಕದ ಮನೆಯವರು "ಯಾವ ಜನ್ಮದ ಪಾಪವೋ" ಅಂದರು. ನಮ್ಮ ಪ್ರಾರ್ಥನಾ ಕೂಟದ ಒಬ್ಬರು "ನಿಮಗೆ ವಿಶ್ವಾಸ ಸಾಲದು" ಅಂದರು. ಮಾತು ಬೇರೆ, ಚುಚ್ಚೋ ಸೂಜಿ ಒಂದೇ. ಬೈಬಲಿನ ಯೊವಾನ್ನನ ಶುಭಸಂದೇಶದ 9ನೇ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ನೋಡಿ ಶಿಷ್ಯರು ಕೇಳೋದೂ ಅದನ್ನೇ: ಪಾಪ ಮಾಡಿದ್ದು ಇವನಾ, ಇವನ ಹೆತ್ತವರಾ? ಯೇಸುಸ್ವಾಮಿ ಎರಡೂ ಅಲ್ಲ ಅಂತಾರೆ.

ನಮ್ಮೆಜಮಾನರನ್ನ ಮೆಷಿನ್‌ಗೆ ಹಾಕಿದ ಮೇಲೆ ಎಷ್ಟೋ ದಿನ ನಾನು ಸಂತ ಫಿಲೋಮಿನಾ ಚರ್ಚಿಗೆ ಹೋಗಿ ಕೂತಿರ್ತಿದ್ದೆ. ಜನ ಹೊರಗೆ 175 ಅಡಿಯ ಜೋಡಿ ಗೋಪುರದ ಫೋಟೊ ಹೊಡೀತಿರೋರು, ನಾನು ಮೆಟ್ಟಿಲಿಳಿದು ನೆಲಮಾಳಿಗೆಗೆ. ಭಕ್ತಿಗಿಂತ ತಂಪಿಗೆ ಅಂತಲೇ ಇಟ್ಕೊಳ್ಳಿ. ಆ ದಿನಗಳಲ್ಲೇ ಬೈಬಲಿನ ಯೋಬನ ಕಥೆ ಪೂರ್ತಿ ಓದಿದ್ದು. ತಪ್ಪು ಮಾಡದೆಯೂ ಮಕ್ಕಳು, ಆಸ್ತಿ, ಆರೋಗ್ಯ ಎಲ್ಲಾ ಕಳ್ಕೊಂಡ ಮನುಷ್ಯ ಅವನು. 42 ಅಧ್ಯಾಯ ಮುಗಿದರೂ ದೇವರು ಅವನಿಗೆ ಕಾರಣ ಹೇಳೋದೇ ಇಲ್ಲ! ಗೆಳೆಯರು ಬಂದು ಏಳು ಹಗಲು ಏಳು ರಾತ್ರಿ ಸುಮ್ಮನೆ ಪಕ್ಕದಲ್ಲಿ ಕೂರ್ತಾರೆ. ಅವರು ಮಾಡಿದ ಒಳ್ಳೆ ಕೆಲಸ ಅದೊಂದೇ, ಆಮೇಲೆ ಬಾಯಿ ಬಿಟ್ಟು ಕೆಟ್ಟರು. ಕೊನೇಲಿ ದೇವರ ಸಿಟ್ಟು ತಿರುಗೋದು ಉಪದೇಶ ಮಾಡಿದ ಆ ಗೆಳೆಯರ ಮೇಲೆ. ಅದನ್ನ ಓದಿದ ದಿನ ರೈಲಲ್ಲಿ ನಿದ್ದೆ ಬಂತು.

ಒಂದು ದಿನ ಪಕ್ಕದ ಬೆಡ್‌ಗೆ ಕೆ.ಆರ್. ಪೇಟೆ ಕಡೆಯವರು ಬಂದರು. ಆ ಹೆಂಗಸು ಸೆರಗು ಬಾಯಿಗೆ ಒತ್ಕೊಂಡು, "ಅಕ್ಕ, ರಾತ್ರಿಯೆಲ್ಲಾ ನೀರು ನೀರು ಅಂತಾರೆ, ಏನ್ ಮಾಡ್ಲಿ?" ಅಂದಳು. ದಿನದ ಲೆಕ್ಕದಲ್ಲೇ ಒಂದು ಲೋಟ ನೀರು ತೆಗೆದು ಐಸ್ ಮಾಡಿಡು, ಒಂದೊಂದೇ ತುಂಡು ಬಾಯಲ್ಲಿಟ್ಟುಕೊಳ್ಳಲಿ ಅಂದೆ. ನಮ್ಮೆಜಮಾನರ ಎಡಗೈಯ ಫಿಸ್ಟುಲಾ, ಅಂದರೆ ಡಯಾಲಿಸಿಸ್ ಸೂಜಿ ಚುಚ್ಚೋಕೆ ಅಂತ ಎರಡು ರಕ್ತನಾಳ ಸೇರಿಸಿ ಹೊಲಿದಿರೋ ಜಾಗ, ಅದರ ಮೇಲೆ ಅವಳ ಬೆರಳಿಟ್ಟು ತೋರಿಸಿದೆ. ಒಳಗೆ ಜೇನುಹುಳ ಸಿಕ್ಕಿಕೊಂಡ ಹಾಗೆ ಗುಂಯ್ ಅನ್ನುತ್ತೆ. ದಿನಾ ಬೆಳಿಗ್ಗೆ ಮುಟ್ಟಿ ನೋಡು, ಗುಂಯ್ ಅನ್ನದಿದ್ದರೆ ಆಗಲೇ ಆಸ್ಪತ್ರೆಗೆ ಓಡು ಅಂದೆ. ಅವಳು ಬೆರಳು ತೆಗೀಲೇ ಇಲ್ಲ, ಬಹಳ ಹೊತ್ತು.

ಬೈಬಲಿನಲ್ಲೇ, ಕೊರಿಂಥ ಊರಿನ ವಿಶ್ವಾಸಿಗಳಿಗೆ ಬರೆದ ಎರಡನೇ ಪತ್ರದ ಶುರುವಲ್ಲೇ ಸಂತ ಪೌಲ ಹೇಳ್ತಾನೆ, ನಮಗೆ ಕಷ್ಟದಲ್ಲಿ ದೇವರಿಂದ ಸಿಕ್ಕ ಸಮಾಧಾನವನ್ನೇ ಕಷ್ಟದಲ್ಲಿರೋ ಬೇರೆಯವರಿಗೆ ಕೊಡೋಕಾಗಲಿ ಅಂತ. ನನಗೆ ಕಂಡಿದ್ದು ಇಷ್ಟೇ. ನಾನು ಐಸ್ ಪಾಠ ಹೇಳಲಿ ಅಂತ ದೇವರು ನನ್ನ ಗಂಡನ ಕಿಡ್ನಿ ಕೆಡಿಸಿದ ಅಂತ ಯಾರಾದರೂ ಅಂದರೆ ಒಪ್ಪಲ್ಲ, ಅಂಥ ದೇವರ ಮುಂದೆ ಮೇಣದಬತ್ತಿ ಹಚ್ಚೋಳೂ ಅಲ್ಲ. ಅವರು ತೀರಿಕೊಂಡು ಎರಡು ವರ್ಷ ಆಯ್ತು. ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ. ತಿಂಗಳಿಗೊಮ್ಮೆ ಆ ವಾರ್ಡಿಗೆ ಹೋಗ್ತೀನಿ, ಹೊಸಬರ ಹತ್ತಿರ ಕೂರ್ತೀನಿ.

ಅಂದ ಹಾಗೆ, ನಿಮ್ಮ ತಾಯಿಗೆ ಕೈಯಲ್ಲಿ ಫಿಸ್ಟುಲಾ ಮಾಡಿದ್ದಾರಾ? ಮಾಡಿದ್ದರೆ ಆ ಕೈಯಲ್ಲಿ ಬಿ.ಪಿ. ನೋಡೋಕೆ, ರಕ್ತ ತೆಗೆಯೋಕೆ ಯಾರಿಗೂ ಬಿಡಬೇಡಿ. ಬಿಗಿ ಬಳೆಯೂ ಬೇಡ.