ಫ್ಯಾಷನ್ ಬ್ರ್ಯಾಂಡಿನ ಸ್ಕೆಲಿಟನ್ ಆಟೋಮ್ಯಾಟಿಕ್ ವಾಚು ಕೊಳ್ಳಬಹುದೇ?

ಬಟ್ಟೆ, ಬೆಲ್ಟು, ಕೈಚೀಲಗಳ ಜೊತೆಗೆ ವಾಚುಗಳನ್ನೂ ಮಾರುವ ಫ್ಯಾಷನ್ ಬ್ರ್ಯಾಂಡೊಂದರ ಸ್ಕೆಲಿಟನ್ ಆಟೋಮ್ಯಾಟಿಕ್ ವಾಚು ತಮಗೆ ಬಹಳ ಹಿಡಿಸಿದೆ, ಬೆಲೆಯೂ ಕೈಗೆಟುಕುವಂತಿದೆ, ಆದರೆ ವಾಚುಗಳ ಬಗ್ಗೆ ಬಲ್ಲವರು ಬೇಡವೆನ್ನುತ್ತಾರೆ, ಏನು ಮಾಡಲಿ ಎಂದು ಕೇಳಿದ್ದೀರಿ. ಸ್ಕೆಲಿಟನ್ ಎಂದರೆ ಒಳಗಿನ ಯಂತ್ರ ಕಾಣುವಂತೆ ಕೊರೆದು ತೆರೆದಿಟ್ಟ ವಾಚು; ಆಟೋಮ್ಯಾಟಿಕ್ ಎಂದರೆ ಸೆಲ್ ಇಲ್ಲದೆ, ಕೈಯ ಅಲುಗಾಟದಿಂದಲೇ ಸ್ಪ್ರಿಂಗ್ ಸುತ್ತಿಕೊಂಡು ನಡೆಯುವಂಥದು. ಅಂಥದೇ ಒಂದು ವಾಚನ್ನು ನಾನು ಆರು ವರ್ಷಗಳಿಂದ ಕಟ್ಟುತ್ತಿದ್ದೇನೆ. ಯಂತ್ರವೊಂದು ನಡೆಯುವುದನ್ನು ನೋಡುತ್ತ ಕೂರುವ ಆಸೆ ನಿಮಗಿದ್ದರೆ ಧಾರಾಳವಾಗಿ ಕೊಳ್ಳಿ. ಗಂಟೆ ಎಷ್ಟೆಂದು ತಿಳಿದರೆ ಸಾಕು ಎನ್ನುವುದಾದರೆ ಸೆಲ್ ಹಾಕುವ ಸಾಧಾರಣ ವಾಚೇ ಇದಕ್ಕಿಂತ ಮೇಲು. ಅದು ಹೆಚ್ಚು ಕರಾರುವಾಕ್ಕಾಗಿ ನಡೆಯುತ್ತದೆ, ಆರೈಕೆಯನ್ನೂ ಅಷ್ಟಾಗಿ ಬೇಡುವುದಿಲ್ಲ.

ನೋಡುವ ಆಸೆ ಎಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಶನಿವಾರ ಭಾನುವಾರ ಕಟ್ಟದೆ ಇಟ್ಟರೆ ಸೋಮವಾರ ಬೆಳಿಗ್ಗೆಯ ಹೊತ್ತಿಗೆ ನನ್ನ ವಾಚು ನಿಂತಿರುತ್ತದೆ. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಪಕ್ಕದಲ್ಲಿರುವ ಕೀ ಕೊಡುವ ಸಣ್ಣ ಗುಂಡಿಯನ್ನು ಮೆಲ್ಲಗೆ ಎರಡು ಮೂರು ಸುತ್ತು ತಿರುಗಿಸಿದರೆ ಹಿಂದೆ ಮುಂದೆ ತೂಗುತ್ತ ವಾಚಿನ ನಡೆಯನ್ನು ಅಳೆಯುವ ಬ್ಯಾಲೆನ್ಸ್ ಚಕ್ರ ಒಮ್ಮೆ ಅದುರಿ, ಅರ್ಧ ಸುತ್ತಿ, ಇನ್ನೇನು ನಿಂತೇಬಿಡುತ್ತದೆ ಎನ್ನುವಷ್ಟರಲ್ಲಿ ಮತ್ತೆ ತಿರುಗಿ ತನ್ನ ಲಯ ಹಿಡಿಯುತ್ತದೆ. ಅದರ ನಡುವೆ ಸುರುಳಿಯಾಗಿ ಕೂತಿರುವ ಹೇರ್‌ಸ್ಪ್ರಿಂಗ್ ಉಸಿರಾಡುವಂತೆ ಹಿಗ್ಗಿ ಕುಗ್ಗುತ್ತಿರುತ್ತದೆ. ಗಂಟೆಗೆ 21,600 ಬಡಿತ, ಅಂದರೆ ಸೆಕೆಂಡಿಗೆ ಆರು, ದಿನಕ್ಕೆ ಐದು ಲಕ್ಷಕ್ಕೂ ಹೆಚ್ಚು. ಚಕ್ರಗಳ ಅಚ್ಚಿನ ತುದಿಯಲ್ಲಿ ಕಾಣುವ ಕೆಂಪು ಹರಳುಗಳು ಚೆಂದಕ್ಕೆ ಕೂರಿಸಿದವಲ್ಲ; ಲೋಹಕ್ಕೆ ಲೋಹ ಉಜ್ಜಿ ಸವೆಯದಿರಲೆಂದು ಇಟ್ಟ ಕೃತಕ ಮಾಣಿಕ್ಯಗಳು ಅವು. ಆರು ವರ್ಷವಾದರೂ ಇದನ್ನು ನೋಡಿ ನನಗೆ ಬೇಸರ ಬಂದಿಲ್ಲ.

ಈಗ ಬಲ್ಲವರ ಆಕ್ಷೇಪಕ್ಕೆ ಬರೋಣ. ಫ್ಯಾಷನ್ ಬ್ರ್ಯಾಂಡುಗಳು ಸಾಮಾನ್ಯವಾಗಿ ಒಳಗಿನ ಮಷೀನನ್ನು ತಾವೇ ತಯಾರಿಸುವುದಿಲ್ಲ. ಹೊರಗಿನಿಂದ ಕೊಂಡು, ತಮ್ಮ ವಿನ್ಯಾಸದ ಕವಚದೊಳಗೆ ಕೂರಿಸಿ, ಡಯಲಿನ ಮೇಲೆ ತಮ್ಮ ಹೆಸರು ಹಾಕುತ್ತವೆ. ಇದು ನಿಜವೇ, ಆದರೆ ಇದರಲ್ಲಿ ಮೋಸವೇನೂ ಇಲ್ಲ. ಎಷ್ಟೋ ಸ್ವಿಸ್ ವಾಚುಗಳಲ್ಲಿ ಕೂಡ ಇಟಿಎ ಅಥವಾ ಸೆಲ್ಲಿಟಾ ಕಂಪನಿಯಿಂದ ತಂದ ಮಷೀನೇ ಇರುತ್ತದೆ. ಆದ್ದರಿಂದ ಬ್ರ್ಯಾಂಡು ಯಾವುದೆಂಬ ಚರ್ಚೆಯನ್ನು ಬದಿಗಿಟ್ಟು, ಒಳಗಿರುವ ಮಷೀನ್ ಯಾರದು, ಅದರ ನಂಬರ್ ಯಾವುದು ಎಂಬುದನ್ನು ಮಾರುವವರಿಂದ ಕೇಳಿ ತಿಳಿದುಕೊಳ್ಳಿ. ನನ್ನ ವಾಚಿನಲ್ಲಿರುವುದು ಸಿಟಿಜನ್ ಸಮೂಹಕ್ಕೆ ಸೇರಿದ ಜಪಾನಿನ ಮಿಯೋಟಾ ಕಂಪನಿಯ 8ಎನ್24, ಸ್ಕೆಲಿಟನ್ ವಾಚುಗಳಿಗೆಂದೇ ಮಾಡಿದ ಮಷೀನ್. 21 ಹರಳುಗಳಿವೆ, ಪೂರ್ತಿ ಕೀ ಕೊಟ್ಟರೆ ಸುಮಾರು 42 ಗಂಟೆ ನಡೆಯುತ್ತದೆ. ಚೀನಾದ ಕಾರ್ಖಾನೆಗಳ ಮಷೀನುಗಳೂ ಈ ಬೆಲೆಯ ವಾಚುಗಳಲ್ಲಿ ಹೇರಳವಾಗಿವೆ. ಅವುಗಳಲ್ಲಿ ಒಳ್ಳೆಯವೂ ಇವೆ, ಹೆಸರು ಗುರುತು ಏನೂ ಇಲ್ಲದವೂ ಇವೆ. ನನ್ನ ತಮ್ಮ ಕೊಂಡದ್ದು ಈ ಎರಡನೆಯ ಬಗೆಯದು. ಮೂರನೆಯ ವರ್ಷ ಅದು ನಿಂತಾಗ, ರಿಪೇರಿಯವರು ಹಿಂಬದಿ ಬಿಚ್ಚಿ ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿ, ಯಾವ ಗುರುತೂ ಇಲ್ಲ, ಬಿಡಿಭಾಗ ಎಲ್ಲಿಂದ ತರಿಸಲಿ ಎಂದು ಹಾಗೆಯೇ ಮುಚ್ಚಿ ಕೊಟ್ಟರು. ನೋಡಲು ನನ್ನದಕ್ಕಿಂತ ಸುಂದರವಾಗಿದ್ದ ಆ ವಾಚು ಈಗ ಮೇಜಿನ ಡ್ರಾಯರಿನಲ್ಲಿದೆ.

ದುಬಾರಿ ಸ್ಕೆಲಿಟನ್ ವಾಚಿನ ಕೆಲಸವನ್ನು ಇದರಲ್ಲಿ ನಿರೀಕ್ಷಿಸಬಾರದು ಎಂಬ ಮಾತನ್ನು ಮಾತ್ರ ನಾನೂ ಒಪ್ಪುತ್ತೇನೆ. 1760ರ ಸುಮಾರಿಗೆ ಪ್ಯಾರಿಸ್ಸಿನ ಆಂದ್ರೆ-ಶಾರ್ಲ್ ಕಾರೋನ್ ಆರಂಭಿಸಿದರೆಂದು ಹೇಳಲಾಗುವ ಈ ಕಲೆಯಲ್ಲಿ, ಕುಶಲಕರ್ಮಿಯು ದಾರದಷ್ಟು ತೆಳುವಾದ ಗರಗಸದಿಂದ ಲೋಹವನ್ನು ಕೊರೆದು, ಪ್ರತಿಯೊಂದು ಅಂಚನ್ನೂ ಅರದಿಂದ ಓರೆಯಾಗಿ ಉಜ್ಜಿ ಹೊಳಪು ಕೊಡುತ್ತಾನೆ. ನಮ್ಮಂಥ ವಾಚುಗಳಲ್ಲಿ ಆ ಕಿಂಡಿಗಳನ್ನೆಲ್ಲ ಯಂತ್ರವೇ ಕತ್ತರಿಸುತ್ತದೆ, ಆದ್ದರಿಂದ ಭೂತಗನ್ನಡಿ ಹಿಡಿದರೆ ಅಂಚುಗಳು ಸಪ್ಪಟೆಯಾಗಿ ಕಾಣುತ್ತವೆ. ಬರಿಗಣ್ಣಿಗೆ ಅದು ಕೊರತೆಯೆನಿಸದು. ಇನ್ನು, ಡಯಲಿನ ಮೇಲೆ ಹಲ್ಲುಚಕ್ರಗಳ ಚಿತ್ರವನ್ನಷ್ಟೇ ಅಚ್ಚು ಹಾಕಿ ಒಳಗೆ ಸೆಲ್ ಇಟ್ಟಿರುವ ವಾಚುಗಳೂ ಮಾರಾಟಕ್ಕಿವೆ. ಸೆಕೆಂಡಿನ ಮುಳ್ಳು ಸೆಕೆಂಡಿಗೊಂದು ಹೆಜ್ಜೆ ಕುಪ್ಪಳಿಸುತ್ತಿದ್ದರೆ ಅಂಥದನ್ನು ಬಿಟ್ಟುಬಿಡಿ.

ದಿನನಿತ್ಯ ನನ್ನನ್ನು ನಿಜವಾಗಿ ಕಾಡಿದ್ದು ಒಂದೇ ತೊಂದರೆ. ಚಕ್ರ, ಅವನ್ನು ಹಿಡಿದಿಡುವ ಲೋಹದ ಪಟ್ಟಿ, ಕಿಂಡಿಗಳ ಆ ಸಂದಣಿಯಲ್ಲಿ ಮುಳ್ಳುಗಳು ಕಣ್ಣಿಗೆ ಬೀಳುವುದೇ ಇಲ್ಲ. ಸಂಜೆಯ ಮಬ್ಬಿನಲ್ಲಿ ನಾಲ್ಕೋ ಐದೋ ಎಂದು ನಾನು ಎಷ್ಟೋ ಸಲ ಕೈಯನ್ನು ದೀಪದ ಕಡೆಗೆ ತಿರುಗಿಸಿದ್ದೇನೆ. ಒಳಭಾಗ ಬೆಳ್ಳಿ ಬಣ್ಣದ್ದಾಗಿದ್ದರೆ ಕಪ್ಪು ಅಥವಾ ಗಾಢ ನೀಲಿ ಮುಳ್ಳುಗಳಿರುವುದನ್ನೂ, ಒಳಭಾಗ ಕಪ್ಪಾಗಿದ್ದರೆ ಬಿಳಿ ಬಳಿದ ಅಗಲವಾದ ಮುಳ್ಳುಗಳಿರುವುದನ್ನೂ ಆರಿಸಿ. ಕೊಳ್ಳುವ ಮುನ್ನ ಕೈ ಚಾಚಿ, ಬೆಳಕು ಕಡಿಮೆಯಿರುವ ಕಡೆ ಹಿಡಿದು, ಗಂಟೆಯನ್ನು ಥಟ್ಟನೆ ಓದಲಾಗುತ್ತದೆಯೇ ನೋಡಿ.

ಸಮಯದ ವಿಷಯದಲ್ಲಿ ಹೇಳುವುದಾದರೆ, ಮಿಯೋಟಾ ಕಂಪನಿಯೇ ಈ ಮಷೀನಿಗೆ ದಿನಕ್ಕೆ 20 ಸೆಕೆಂಡು ನಿಧಾನದಿಂದ 40 ಸೆಕೆಂಡು ಬೇಗದವರೆಗೆ ಮಿತಿ ಹಾಕಿದೆ. ನನ್ನದು ದಿನಕ್ಕೆ ಹದಿನೈದು ಸೆಕೆಂಡಿನಷ್ಟು ಮುಂದೆ ಓಡುತ್ತದೆ, ವಾರಕ್ಕೊಮ್ಮೆ ಸರಿಪಡಿಸಿಕೊಳ್ಳುತ್ತೇನೆ. ಒಮ್ಮೆ ಮಾತ್ರ ಇದ್ದಕ್ಕಿದ್ದಂತೆ ದಿನಕ್ಕೆ ಐದಾರು ನಿಮಿಷ ಮುಂದೆ ಹೋಗತೊಡಗಿದಾಗ, ಮಷೀನ್ ಕೆಟ್ಟೇ ಹೋಯಿತೆಂದು ಗಾಬರಿಯಾಗಿದ್ದೆ. ರಾತ್ರಿ ಹೊತ್ತು ಅದನ್ನು ಅಯಸ್ಕಾಂತವಿರುವ ಟ್ಯಾಬ್ಲೆಟ್ ಕವರಿನ ಮೇಲೆ ಇಡುತ್ತಿದ್ದೆನಾದ್ದರಿಂದ ಹೇರ್‌ಸ್ಪ್ರಿಂಗ್ ಅಯಸ್ಕಾಂತೀಯವಾಗಿ, ಸುರುಳಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಹಾಗೆ ಅಂಟಿಕೊಂಡಾಗ ಸ್ಪ್ರಿಂಗಿನ ಉದ್ದ ಕಡಿಮೆಯಾದಂತಾಗಿ ಚಕ್ರ ಬೇಗ ಬೇಗ ತೂಗುತ್ತದೆ. ರಿಪೇರಿಯವರು ಅಯಸ್ಕಾಂತೀಯತೆ ತೆಗೆಯುವ ಪುಟ್ಟ ಯಂತ್ರದ ಮೇಲೆ ವಾಚನ್ನಿಟ್ಟು ತೆಗೆದರು, ಅರೆನಿಮಿಷದಲ್ಲಿ ಎಲ್ಲ ಸರಿಹೋಯಿತು. ಸ್ಪೀಕರ್ ಮತ್ತು ಲ್ಯಾಪ್‌ಟಾಪುಗಳ ಮೇಲೆಯೂ ಇಡಬೇಡಿ.

ಕೈ ಅಲುಗಿಸಿದಾಗ ಒಳಗೆ ಏನೋ ಗಿರ್ರೆಂದು ತಿರುಗಿದಂತಾದರೆ ಹೆದರಬೇಡಿ. ಈ ಮಷೀನಿನಲ್ಲಿ ರೋಟರ್, ಅಂದರೆ ಕೈಯ ಅಲುಗಾಟಕ್ಕೆ ತಿರುಗುವ ತೂಕದ ತಟ್ಟೆ, ಒಂದು ದಿಕ್ಕಿಗೆ ತಿರುಗುವಾಗ ಮಾತ್ರ ಸ್ಪ್ರಿಂಗನ್ನು ಸುತ್ತುತ್ತದೆ, ಇನ್ನೊಂದು ದಿಕ್ಕಿಗೆ ತಡೆಯಿಲ್ಲದೆ ಓಡುತ್ತದೆ, ಆ ಓಟವೇ ಮಣಿಕಟ್ಟಿಗೆ ತಾಗುವುದು. ಹಿಂಬದಿಯಲ್ಲಿ 30 ಮೀಟರ್ ಎಂದು ಬರೆದಿದ್ದರೆ ಅದು ಕೈ ತೊಳೆಯುವಾಗ ಸಿಡಿಯುವ ನೀರಿಗಷ್ಟೇ ಸಾಕು. ಸ್ನಾನಕ್ಕೂ ಈಜಿಗೂ ಬಿಚ್ಚಿಡಿ.

ನಾಲ್ಕೈದು ವರ್ಷಕ್ಕೆ ಒಳಗಿನ ಎಣ್ಣೆ ಒಣಗುತ್ತದೆ, ಆಗ ಸರ್ವೀಸ್ ಮಾಡಿಸಬೇಕು. ಮಷೀನನ್ನು ಪೂರ್ತಿ ಬಿಚ್ಚಿ ತೊಳೆದು ಎಣ್ಣೆ ಹಾಕುವ ಕೂಲಿ ಇಂಥ ವಾಚಿನ ಬೆಲೆಗೆ ಹೋಲಿಸಿದರೆ ಭಾರವೆನಿಸುವುದರಿಂದ, ಅನೇಕರು ಅದೇ ನಂಬರಿನ ಹೊಸ ಮಷೀನನ್ನೇ ತರಿಸಿ ಹಾಕಿಸುತ್ತಾರೆ. ನಾನು ಕಳೆದ ವರ್ಷ ಹಾಗೆಯೇ ಮಾಡಿಸಿದೆ. ಹಳೆಯ ಮಷೀನನ್ನು ರಿಪೇರಿಯವರು ಕಾಗದದಲ್ಲಿ ಸುತ್ತಿ ನನ್ನ ಕೈಗೇ ಕೊಟ್ಟರು.